ಪುಕ್ಕಟೆ ಬಂದ ಆಮೆ

ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳು ಮಡಚಿ ಕುಟ್ಟಿ, ಮೂರು ಕಣ್ಣನ್ನೂ ಉಗುರಿನಿಂದ ಒತ್ತಿ ನೋಡದೆ ನಾನು ಯಾವತ್ತೂ ಕೊಂಡವಳಲ್ಲ. ಅಂಗಡಿಯವನು ಮುಖ ಗಂಟು ಹಾಕಿಕೊಂಡರೆ ಹಾಕಿಕೊಳ್ಳಲಿ. ಬದನೆಕಾಯಿಯ ತೊಟ್ಟಿನ ಕೆಳಗೆ ಹುಳುವಿನ ತೂತು ಹುಡುಕುತ್ತೇನೆ, ತುಪ್ಪವನ್ನು ಕೈಗೆ ಉಜ್ಜಿ ಮೂಸುತ್ತೇನೆ. ನಿನ್ನನ್ನು ಪೊಲೀಸ್ ಇಲಾಖೆಗೆ ಸೇರಿಸಬೇಕಾಗಿತ್ತು ಎಂದು ನಮ್ಮ ಯಜಮಾನರು ತಮಾಷೆ ಮಾಡುತ್ತಿದ್ದರು. ಮೋಸ ಹೋದ ಮೇಲೆ ಗೋಳಾಡುವವರನ್ನು ಕಂಡರೆ ನನಗೆ ಕನಿಕರಕ್ಕಿಂತ ಮೊದಲು ಸಿಟ್ಟು ಬರುತ್ತದೆ. ಇಂಥವಳ ಮನೆಗೆ ಪುಕ್ಕಟೆಯಾಗಿ ಒಂದು ಆಮೆ ಬಂತು.

ಸ್ವಾತಂತ್ರ್ಯ ಬಂದು ಕೆಲವೇ ವರ್ಷಗಳಾಗಿದ್ದವು. ಬನ್ನಿಮಂಟಪದ ಮೈದಾನಕ್ಕೆ ಹತ್ತಿರದ ಸಾಲುಮನೆಯೊಂದರಲ್ಲಿ ಬಾಡಿಗೆಗಿದ್ದೆವು. ಯಜಮಾನರಿಗೆ ನೂಲಿನ ಮಿಲ್ಲಿನಲ್ಲಿ ಕೆಲಸ. ಮನೆಯಲ್ಲಿ ಅವರು, ಅವರ ತಾಯಿ, ನಾನು, ಇಷ್ಟೇ ಜನ. ನಾನು ಚೊಚ್ಚಲ ಬಸುರಿ, ನಾಲ್ಕು ತಿಂಗಳಾಗಿತ್ತು. ದಸರೆ ಮುಗಿದು ಮೈದಾನದಲ್ಲಿ ಕಟ್ಟಿದ್ದ ಬೊಂಬುಗಳನ್ನು ಬಿಚ್ಚುತ್ತಿದ್ದ ದಿನಗಳು. ಒಂದು ಸಂಜೆ ಯಜಮಾನರು ಸೈಕಲ್ಲಿನ ಕ್ಯಾರಿಯರಿಗೆ ಗೋಣಿಚೀಲ ಕಟ್ಟಿಕೊಂಡು ಬಂದರು. ಬಿಚ್ಚಿದರೆ ಒಳಗೆ ಆಮೆ. ಕೆರೆಯ ಆಮೆಯಲ್ಲ, ನೆಲದ ಮೇಲೆ ಓಡಾಡಿ ಸೊಪ್ಪು ತಿನ್ನುವ ಜಾತಿ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳ ನಕ್ಷತ್ರಗಳು. ಮಿಲ್ಲಿನ ಜೊತೆಗಾರರೊಬ್ಬರು ಕೊಟ್ಟರಂತೆ. ಅವರ ಮನೆಯಲ್ಲಿ ಆರು ವರ್ಷ ಇತ್ತಂತೆ, ಈಗ ಹಿತ್ತಿಲಿನಲ್ಲಿ ಜಾಗ ಸಾಲದಂತೆ. ಗಂಡಂತೆ, ಮೊಟ್ಟೆಗಿಟ್ಟೆಯ ರಗಳೆ ಇಲ್ಲವಂತೆ.

ಎಷ್ಟು ಕೊಟ್ಟಿರಿ ಎಂದು ಕೇಳಿದೆ. ಏನೂ ಇಲ್ಲ, ಸುಮ್ಮನೆ ಕೊಟ್ಟರು ಎಂದರು. ಅಲ್ಲಿಗೆ ನನಗೆ ಅನುಮಾನ ಶುರುವಾಯಿತು. ಆರು ವರ್ಷ ಸಾಕಿದ ಪ್ರಾಣಿಯನ್ನು ಯಾರಾದರೂ ಸುಮ್ಮನೆ ಕೊಡುತ್ತಾರೆಯೇ? ಅಂಗೈಯಷ್ಟಗಲದ ಜಂತುವಿಗೆ ಹಿತ್ತಿಲಿನಲ್ಲಿ ಜಾಗ ಸಾಲದೆ ಹೋಗುವುದು ಹೇಗೆ? ಅದೂ ನಾನು ಬಸುರಿ ಎನ್ನುವುದು ಮಿಲ್ಲಿನಲ್ಲೆಲ್ಲ ಗೊತ್ತಾದ ಮೇಲೆ?

ನಮ್ಮ ಕಡೆ ಆಮೆ ಮನೆ ಹೊಗುವುದನ್ನು ಒಳ್ಳೆಯದೆಂದು ಯಾರೂ ಹೇಳುವುದಿಲ್ಲ. ಅತ್ತೆ ತಡೆಯುತ್ತಾರೆ ಎಂದುಕೊಂಡಿದ್ದೆ. ಅವರು ಕುಂಕುಮದ ಬಟ್ಟಲು ತಂದರು. ಅದೇ ನಡೆದುಕೊಂಡು ಬಂದಿದ್ದರೆ ಕೆಟ್ಟದ್ದು, ನಾವು ಹೊತ್ತು ತಂದರೆ ಕೂರ್ಮದೇವರು ಎಂದು ಅಲ್ಲೇ ಒಂದು ಶಾಸ್ತ್ರ ಮಾಡಿಬಿಟ್ಟರು. ಮಗ ತಂದದ್ದು ಏನೇ ಆದರೂ ಅವರಿಗೆ ದೇವರೇ.

ಮಾರನೆಯ ದಿನ ಮೊರದಲ್ಲಿ ಕೂರಿಸಿಕೊಂಡು ಪರೀಕ್ಷೆಗೆ ಕೂತೆ. ಚಿಪ್ಪು ಥಳಥಳ ಹೊಳೆಯುತ್ತಿತ್ತು. ಹಳೆಯದು ಅಷ್ಟು ಹೊಳೆದರೆ ನನಗೆ ಆಗುವುದಿಲ್ಲ. ಬೆರಳಾಡಿಸಿದರೆ ಹರಳೆಣ್ಣೆ. ಸೀಗೆಪುಡಿ ಹಾಕಿ ಉಜ್ಜಿದೆ. ವರ್ಷಗಳ ಎಣ್ಣೆಯ ಜಿಡ್ಡು, ಅದಕ್ಕಂಟಿದ ಮಣ್ಣು, ಅರಿಸಿನ ಕುಂಕುಮ, ಎಲ್ಲ ಕಪ್ಪು ನೀರಾಗಿ ಇಳಿದವು. ಅಡಿಯಲ್ಲಿದ್ದ ಚಿಪ್ಪು ಮಂಕಾಗಿತ್ತು, ಒಂದು ಕಡೆ ಪದರ ಬಿಳುಚಿ ಸ್ವಲ್ಪ ಎದ್ದಿತ್ತು. ಹೆಬ್ಬೆರಳಿನಿಂದ ಅಂಚೆಲ್ಲ ಒತ್ತಿ ನೋಡಿದೆ, ಎಲ್ಲೂ ಮೆತ್ತಗಿರಲಿಲ್ಲ. ಸಂತೆಯಲ್ಲಿ ಮಡಕೆಗೆ ಕುಟ್ಟುವಂತೆ ಕುಟ್ಟಿದೆ, ಒಡಕು ಸದ್ದು ಬರಲಿಲ್ಲ. ಆದರೆ ಹಿಂಬದಿಯ ಅಂಚಿನಲ್ಲಿ ಕಡಲೆಕಾಳಿನಷ್ಟು ಜಾಗ ಬೇರೆಯಾಗಿ ಕಾಣಿಸಿತು. ಪಿನ್ನಿನಿಂದ ಕೆದಕಿದರೆ ಅರಗು! ಯಾರೋ ತೂತು ಕೊರೆದು, ಮತ್ತೆ ಅರಗು ತುಂಬಿ ಮುಚ್ಚಿದ್ದರು. ಒಳಗೆ ಒಂದು ಎಳೆ ಕೆಂಪು ದಾರ ಸಿಕ್ಕಿಕೊಂಡಿತ್ತು.

ಇದಕ್ಕೆ ಏನೋ ಕಟ್ಟಿ ಮಂತ್ರ ಹಾಕಿಸಿದ್ದಾರೆ, ಅವರ ಮನೆಯ ಪೀಡೆಯನ್ನು ನಮ್ಮ ಮನೆಗೆ ದಾಟಿಸಿದ್ದಾರೆ ಎಂದು ಯಜಮಾನರಿಗೆ ಹೇಳಿದೆ. ಅವರು ನಕ್ಕು, ಊಟಕ್ಕೆ ಬಡಿಸು ಎಂದರು. ಆ ದಾರವನ್ನು ನಾನೇ ಇಕ್ಕಳದಿಂದ ಎಳೆದು ಒಲೆಗೆ ಹಾಕಿದೆ.

ಅಪ್ಪನಿಗೆ ಹೇಳಿ ಕಳಿಸಿದೆ. ಮೇಟಗಳ್ಳಿಯ ಆಚೆ ನಮ್ಮೂರು. ಆಗ ಆ ಕಡೆಯೆಲ್ಲ ಬರೀ ಹೊಲಗಳು. ಅಮ್ಮ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದಳು, ಬೇಸಾಯ ಮಾಡಿಕೊಂಡು ಅಪ್ಪ ಒಬ್ಬರೇ ಇದ್ದರು. ಊರಿನಲ್ಲಿ ಯಾರು ಎತ್ತು ಕೊಳ್ಳಲು ಹೊರಟರೂ ಅಪ್ಪನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಎತ್ತಿನ ಮೈಮೇಲೆ ಕೂದಲು ಸುತ್ತಿಕೊಂಡಿರುವ ಸುಳಿ ಎಲ್ಲಿದೆ ಎಂದು ನೋಡಿ, ಯಾವುದು ಮನೆಗೆ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಅವರು ಹೇಳುತ್ತಿದ್ದರು. ಆಮೆಯ ಮುಂದೆಯೂ ಹಾಗೆಯೇ ಕುಕ್ಕರಗಾಲಿನಲ್ಲಿ ಕೂತರು. ಅಭ್ಯಾಸಬಲದಿಂದ ಹಲ್ಲು ನೋಡಲು ಬಾಯಿ ಬಿಡಿಸಹೋದರು, ಅದು ತಲೆ ಒಳಗೆಳೆದುಕೊಂಡಿತು. ಅಂಗಳದಲ್ಲಿ ನಡೆಸಿ ಕಾಲು ನೋಡಿದರು. ಕೊನೆಗೆ ಚಿಪ್ಪಿನ ಮೇಲಿನ ನಕ್ಷತ್ರಗಳನ್ನೇ ಸುಳಿ ಎಂದಿಟ್ಟುಕೊಂಡು ಬೆನ್ನುಹುರಿಯ ಉದ್ದಕ್ಕೂ ಬೆರಳಿಟ್ಟು ಹೋದರು.

"ಮೂರ್ನೇದು ಎಡಕ್ಕೆ ವಾಲ್ಕಂಡದೆ ಕಣವ್ವ. ಎತ್ತಾಗಿದ್ರೆ ನಾನು ಹೊಡ್ಕೊಂಡು ಬತ್ತಿರಲಿಲ್ಲ," ಎಂದರು. ಆಮೇಲೆ ತಾವೇ ನಕ್ಕು, ಎತ್ತಲ್ಲವಲ್ಲ ಬುಡು, ಇದೇನು ಗಾಡಿ ಎಳೀಬೇಕಾ ಎಂದು ಎದ್ದರು. ಗಂಡೋ ಹೆಣ್ಣೋ ಎಂದು ಕೇಳಿದ್ದಕ್ಕೆ, ಬಸುರಿ ಮಗಳ ಮುಂದೆ ಇನ್ನು ಹೆಚ್ಚು ಮಗುಚಿ ನೋಡಲು ಸಂಕೋಚಪಟ್ಟುಕೊಂಡು, ಗೊತ್ತಾಗುವುದಿಲ್ಲ ಎಂದುಬಿಟ್ಟರು. ಅಪ್ಪ ನಕ್ಕರೂ ಆ ಎಡಕ್ಕೆ ವಾಲಿದ ಸುಳಿ ನನ್ನ ತಲೆಯಲ್ಲಿ ಕೂತಿತು.

ಗಂಡೋ ಹೆಣ್ಣೋ ಎನ್ನುವುದನ್ನು ನಾನೇ ಕಂಡುಕೊಂಡೆ. ಒಂದು ಭಾನುವಾರ ಝೂಗೆ ಕರೆದುಕೊಂಡು ಹೋಗಿ ಎಂದು ಹಟ ಹಿಡಿದೆ. ಬಸುರಿಯ ಬಯಕೆ ಎಂದುಕೊಂಡು ಯಜಮಾನರು ಕರೆದೊಯ್ದರು. ಹುಲಿ, ಆನೆ ಯಾವುದನ್ನೂ ನೋಡದೆ ಆಮೆಗಳ ಕಟ್ಟೆಯ ಮುಂದೆ ನಿಂತುಬಿಟ್ಟೆ. ನಮ್ಮ ಜಾತಿಯದೇ ಎರಡು ಅಲ್ಲಿದ್ದವು. ಚಿಕ್ಕದು ದೊಡ್ಡದರ ಬೆನ್ನ ಮೇಲೆ ಹತ್ತಿತ್ತು. ಯಜಮಾನರು ಕಿವಿಯವರೆಗೆ ಕೆಂಪಾಗಿ, ಬಾ ಅತ್ಲಾಗೆ, ಜನ ನೋಡ್ತಾರೆ ಎಂದು ನನ್ನ ರಟ್ಟೆ ಎಳೆದರು. ನಾನು ಕದಲಲಿಲ್ಲ. ಚಿಕ್ಕದು ಜಾರಿ ಅಂಗಾತ ಬಿತ್ತು. ಅದರ ಹೊಟ್ಟೆಯ ಚಿಪ್ಪು ಒಳಗೆ ಗುಳಿಬಿದ್ದಿತ್ತು, ಬಾಲ ಉದ್ದಕ್ಕೆ ದಪ್ಪಗಿತ್ತು. ದೊಡ್ಡದರ ಬಾಲ ಇತ್ತೋ ಇಲ್ಲವೋ ಅನ್ನುವಷ್ಟು ಮೋಟು. ಬೆನ್ನ ಮೇಲೆ ಕೂರಬೇಕಾದದ್ದಕ್ಕೆ ಹೊಟ್ಟೆ ಗುಳಿ ಇರಬೇಕಾದ್ದೇ ಎಂದು ನನಗೆ ಅಲ್ಲೇ ಹೊಳೆಯಿತು. ಮನೆಗೆ ಬಂದವಳೇ ಸೀರೆ ಕೂಡ ಬದಲಾಯಿಸದೆ ನಮ್ಮದನ್ನು ಎತ್ತಿ ನೋಡಿದೆ. ಹೊಟ್ಟೆ ರೊಟ್ಟಿ ಹಂಚಿನ ಹಾಗೆ ಚಪ್ಪಟೆ, ಬಾಲ ಮೋಟು. ಹೆಣ್ಣು.

ಅಂದರೆ ಆ ಮನೆಯವರು ಸುಳ್ಳು ಹೇಳಿ ಕೊಟ್ಟಿದ್ದರು. ಚಿಪ್ಪಿನ ತೂತು ಮುಚ್ಚಿದ್ದರು, ಹೆಣ್ಣನ್ನು ಗಂಡು ಎಂದಿದ್ದರು. ವಾಪಸು ಕೊಟ್ಟು ಬನ್ನಿ ಎಂದು ಯಜಮಾನರ ಪ್ರಾಣ ತಿಂದೆ. ಕೊಟ್ಟದ್ದನ್ನು ಹಿಂದಿರುಗಿಸಿದರೆ ಮಿಲ್ಲಿನಲ್ಲಿ ಮುಖ ನೋಡುವುದು ಹೇಗೆ ಎಂದು ಅವರು ಒಪ್ಪಲಿಲ್ಲ.

ಅಷ್ಟರಲ್ಲಿ ಅವಳು ಬರಲು ಶುರುಮಾಡಿದಳು. ಆಮೆ ಕೊಟ್ಟವರ ಹೆಂಡತಿ. ನನಗಿಂತ ಎರಡು ಮೂರು ವರ್ಷ ಚಿಕ್ಕವಳು, ತೆಳ್ಳಗೆ, ಮಾತು ಕಡಿಮೆ. ಶುಕ್ರವಾರ ಬಂತೆಂದರೆ ಸೆರಗಿನಲ್ಲಿ ದಾಸವಾಳದ ಹೂ ಕಟ್ಟಿಕೊಂಡು ಬಂದು, ಹಿತ್ತಿಲಿನಲ್ಲಿ ಆಮೆಯ ಮುಂದೆ ಒಂದೊಂದೇ ಹೂ ಹಿಡಿಯುತ್ತಿದ್ದಳು. ಅದು ಕತ್ತು ಚಾಚಿ ಕಚ್ಚಿ ತಿನ್ನುತ್ತಿತ್ತು. ನನ್ನ ಕೈಯಿಂದ ನುಗ್ಗೆಸೊಪ್ಪು ತಿನ್ನಲು ಅದು ಅರ್ಧ ಬೆಳಿಗ್ಗೆ ಸತಾಯಿಸುತ್ತಿತ್ತು. ಅದೇನೋ ಸರಿ, ಆಮೆಯನ್ನು ನೋಡಲಿ. ಆದರೆ ಅವಳ ಕಣ್ಣು ಮತ್ತೆ ಮತ್ತೆ ನನ್ನ ಹೊಟ್ಟೆಯ ಮೇಲೆ ಬಂದು ನಿಲ್ಲುತ್ತಿತ್ತು. ಎಷ್ಟಾಯಿತು ಅಕ್ಕ, ಊಟ ಸೇರುತ್ತಾ, ಕಾಲು ಊದುತ್ತಾ ಎಂದು ಕೇಳುತ್ತಿದ್ದಳು. ಮಕ್ಕಳಿಲ್ಲದವಳು ಎಂದು ಅತ್ತೆಯಿಂದ ತಿಳಿದಿತ್ತು. ಅವಳು ಗೇಟು ದಾಟುವ ಮೊದಲೇ ನಾನು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದೆ. ಘಾಟು ಅವಳಿಗೂ ತಲುಪಿರಬೇಕು. ತಲುಪಲಿ ಎಂದೇ ಹಾಕುತ್ತಿದ್ದೆ.

ತುಂಬು ತಿಂಗಳು ಹತ್ತಿರವಾದಾಗ ನನಗೆ ತಡೆಯಲಾಗಲಿಲ್ಲ. ಅತ್ತೆ ಮಾರ್ಕೆಟ್ಟಿಗೆ ಹೋಗಿದ್ದ ಹೊತ್ತು. ನೇರವಾಗಿ ಕೇಳಿದೆ.

"ಯಾತಕ್ಕೆ ಬರ್ತೀಯ? ಆಮೆ ನೋಡೋಕೋ, ನನ್ನ ಹೊಟ್ಟೆ ನೋಡೋಕೋ?"

ಅವಳು ಹೂ ಹಿಡಿದ ಕೈ ಕೆಳಗಿಳಿಸಿ, "ಎರಡಕ್ಕೂ ಅಕ್ಕ," ಎಂದಳು.

ಆಮೇಲೆ ಎಲ್ಲ ಹೇಳಿದಳು. ಆಮೆ ಅವಳ ತವರಿನದು. ಮದುವೆಯಾಗಿ ಬರುವಾಗ ಜೊತೆಗೆ ತಂದಿದ್ದಳು. ಬೀದಿಗೆ ಹೋಗದಿರಲಿ ಎಂದು ಅವಳ ಗಂಡ ಚಿಪ್ಪಿಗೆ ತೂತು ಕೊರೆದು ದಾರ ಹಾಕಿ ಬಾವಿಯ ಕಂಬಕ್ಕೆ ಕಟ್ಟಿದ್ದರು. ತೂತಿನಿಂದ ರಕ್ತ ಬಂದದ್ದು ಕಂಡು ಅವಳು ಅತ್ತು, ದಾರ ಕತ್ತರಿಸಿ ಅರಗು ತುಂಬಿದ್ದಳು. ವರ್ಷಗಳು ಕಳೆದರೂ ಅವಳಿಗೆ ಮಗುವಾಗಲಿಲ್ಲ. ಆಮೆ ಹೆಣ್ಣು, ಒಂದು ಮೊಟ್ಟೆಯನ್ನೂ ಇಟ್ಟಿಲ್ಲ, ಅದರ ಬಂಜೆತನವೇ ಸೊಸೆಗೆ ಅಂಟಿದೆ ಎಂದು ಅವಳ ಅತ್ತೆ ಹೇಳತೊಡಗಿದರು. ಎಲ್ಲಿಯ ಶಾಸ್ತ್ರವೋ ಅದು! ಮೊದಲು ಆಮೆ ಹೋಗಲಿ, ಆಮೇಲೂ ಆಗದಿದ್ದರೆ ತಪ್ಪು ನಿನ್ನದೇ, ಮಗನಿಗೆ ಇನ್ನೊಂದು ಹೆಣ್ಣು ತರುತ್ತೇನೆ ಎಂದಿದ್ದರು. ಹೆಣ್ಣೆಂದರೆ ನಾವು ಇಟ್ಟುಕೊಳ್ಳುವುದಿಲ್ಲವೇನೋ ಎಂದು ಗಂಡೆಂದು ಹೇಳಿ ಕೊಟ್ಟಿದ್ದರು.

ಇಷ್ಟು ಹೇಳಿ ಅವಳು ಸುಮ್ಮನಿರಬಹುದಿತ್ತು. ಸುಮ್ಮನಿರಲಿಲ್ಲ. "ನಿಮ್ಮನೇಲೂ ಏನಾದ್ರೂ ಆಗ್ಬುಟ್ರೆ, ತಪ್ಪು ಆಮೇದೇ ಅಂತ ಆಗೋದು ಅಕ್ಕ. ನಂದಲ್ಲ ಅಂತ ಆಗೋದು. ಮೊದಮೊದಲು ಅದನ್ನೇ ಬೇಡ್ಕೊಂಡು ಬರ್ತಿದ್ದೆ. ಈಗ ಬೇಡ್ಕೊಳ್ಳೋಕೆ ಆಗ್ತಿಲ್ಲ."

ನನ್ನ ಅನುಮಾನ ನಿಜವಾಗಿತ್ತು. ಅದು ನಿಜವಾದದ್ದರಿಂದ ನನಗೆ ಸ್ವಲ್ಪವೂ ಸಮಾಧಾನವಾಗಲಿಲ್ಲ. ಎದ್ದು ಹೋಗು, ಇನ್ನು ಈ ಹೊಸ್ತಿಲು ತುಳಿದರೆ ಸರಿಯಿರುವುದಿಲ್ಲ ಎಂದೆ. ಅವಳು ಉಳಿದಿದ್ದ ಹೂಗಳನ್ನು ಆಮೆಯ ಮುಂದಿಟ್ಟು ಹೋದಳು. ಆ ಹೂಗಳನ್ನೂ ನಾನು ಗುಡಿಸಿ ಆಚೆ ಹಾಕಿದೆ.

ತಾಯಿಯಿಲ್ಲದ ತವರಿಗೆ ಹೆರಿಗೆಗೆ ಹೋಗುವಂತಿರಲಿಲ್ಲ. ಹೆರಿಗೆ ಇಲ್ಲಿಯೇ ಆಸ್ಪತ್ರೆಯಲ್ಲಾಯಿತು, ಬಾಣಂತನ ಅತ್ತೆ ಮಾಡಿದರು. ಹೆಣ್ಣುಮಗು, ಗಟ್ಟಿಮುಟ್ಟು, ಕೂಗಿದರೆ ಸಾಲುಮನೆಗೆಲ್ಲ ಕೇಳಬೇಕು. ಆಮೆ ಹಿತ್ತಿಲಿನಲ್ಲೇ ಇತ್ತು. ಬಿಸಿಲು ಬಿದ್ದು, ಎಣ್ಣೆ ತಪ್ಪಿ, ಅದರ ಚಿಪ್ಪಿಗೆ ನಿಜವಾದ ಬಣ್ಣ ಬಂದಿತ್ತು. ಬಿಳುಚಿ ಎದ್ದಿದ್ದ ಪದರ ಉದುರಿ ಕೆಳಗೆ ಹೊಸದು ಗಟ್ಟಿಯಾಗಿ ಕಾಣುತ್ತಿತ್ತು. ನಾನು ಮಗುವಿಗೆ ಹಾಲು ಕುಡಿಸುತ್ತ ಅದನ್ನು ನೋಡುತ್ತಿದ್ದೆ. ಅದರಿಂದ ನಮಗೇನೂ ಕೆಟ್ಟದ್ದಾಗಲಿಲ್ಲ. ನಮಗೆ ಕೆಟ್ಟದ್ದಾಗದೆ ಹೋದದ್ದರಿಂದಲೇ ತಪ್ಪು ಆಮೆಯದಲ್ಲ, ಅವಳದು ಎಂದಾಯಿತು ಎನ್ನುವುದು ಮನಸ್ಸಿಗೆ ಬಂದಾಗ, ಮಗುವನ್ನು ಒಳಗೆ ಎತ್ತಿಕೊಂಡು ಹೋಗುತ್ತಿದ್ದೆ.

ಆಷಾಢ ಬಂತು. ಆಷಾಢ ಕಳೆದ ಮೇಲೆ ಜೊತೆಗಾರರ ಮನೆಯಲ್ಲಿ ಇನ್ನೊಂದು ಮದುವೆಯಂತೆ, ಹೆಣ್ಣೂ ನೋಡಿಟ್ಟಿದ್ದಾರಂತೆ ಎಂದು ಯಜಮಾನರು ಮೆಲ್ಲಗೆ ಹೇಳಿದರು. ಅವಳಿಗೆ ತಕ್ಕದ್ದಾಯಿತು ಎಂದು ನಾನು ಹೇಳಬೇಕಿತ್ತು. ಹಾಗೆನ್ನಲು ಮನಸ್ಸು ಬರಲಿಲ್ಲ.

ಆಷಾಢದ ಒಂದು ಶುಕ್ರವಾರ ಬೆಳಿಗ್ಗೆ ಅತ್ತೆ ದೇವಿಯ ದರ್ಶನಕ್ಕೆ ಬೆಟ್ಟಕ್ಕೆ ಹೋಗಿದ್ದರು. ಹಿಂದಿನ ದಿನ ಮಳೆ ಬಂದು ನೆಲ ಮೆತ್ತಗಿತ್ತು. ಬಟ್ಟೆ ಒಗೆಯಲು ಹಿತ್ತಿಲಿಗೆ ಹೋದರೆ, ಕರಿಬೇವಿನ ಗಿಡದ ಬುಡದಲ್ಲಿ ಆಮೆ ಹಿಂಗಾಲುಗಳಿಂದ ಗುಳಿ ತೋಡುತ್ತಿತ್ತು. ಒಂದು ಕಾಲು, ಮತ್ತೊಂದು ಕಾಲು, ತಿರುಗಿ ಕೂಡ ನೋಡದೆ. ನಾನು ಒಗೆಯುವುದನ್ನು ಬಿಟ್ಟು ನಿಂತೆ. ಬಹಳ ಹೊತ್ತಾದ ಮೇಲೆ ಬಿಳಿಯ ಮೊಟ್ಟೆಯೊಂದು ಗುಳಿಗೆ ಜಾರಿತು. ಹಿಂದೆಯೇ ಇನ್ನೂ ಎರಡು. ಬಂಜೆ ಎಂದು ಓಡಿಸಿಕೊಂಡದ್ದು ಒಂದೊಂದನ್ನೂ ಕಾಲಿನಿಂದ ಸವರಿ ಕೂರಿಸಿ, ಮಣ್ಣು ಎಳೆದು ಮುಚ್ಚಿತು. ನನಗೆ ಯಾಕೋ ಕಣ್ಣು ತುಂಬಿತು. ಮರುಕ್ಷಣವೇ ಇದು ಅವಳ ಅತ್ತೆಗೆ, ಆ ಮುದುಕಿಗೆ, ಗೊತ್ತಾದರೆ ಎಂದು ಭಯವಾಯಿತು. ಆಮೆಯ ಮೇಲೆ ಹೊರಿಸಿದ್ದ ತಪ್ಪು ಇಷ್ಟಕ್ಕೇ ಬಿದ್ದುಹೋಗುತ್ತಿತ್ತು, ಬಿದ್ದದ್ದು ನೇರವಾಗಿ ಅವಳ ತಲೆಯ ಮೇಲೆಯೇ.

ಅಂದುಕೊಂಡಂತೆಯೇ ಆಯಿತು. ಮಧ್ಯಾಹ್ನ ಅತ್ತೆ ಬೆಟ್ಟದಿಂದ ಬರುವಾಗ ಜೊತೆಯಲ್ಲಿ ಆ ಮುದುಕಿ, ಹಿಂದೆ ಅವಳು. ದೇವಸ್ಥಾನದಲ್ಲಿ ಸಿಕ್ಕಿದರಂತೆ. ಆಮೆಯನ್ನು ಒಮ್ಮೆ ಕಣ್ಣಾರೆ ನೋಡಿ ಹೋಗುತ್ತೇನೆ ಎಂದು ಬಂದಿದ್ದರು. ಹಿತ್ತಿಲಿನಲ್ಲಿ ಕೂರಲು ಮಣೆ ತರುವುದಕ್ಕೆಂದು ಓಡಿದೆ. ತಂದದ್ದನ್ನು ಕರಿಬೇವಿನ ಬುಡದಲ್ಲಿ, ಆ ಸಡಿಲ ಮಣ್ಣಿನ ಮೇಲೆಯೇ ಹಾಕಿದೆ. ಮುದುಕಿ ಉಸ್ಸೆಂದು ಕೂತರು. ಅತ್ತೆ ಕಾಫಿ ಮಾಡಲು ಒಳಗೆ ಹೋದರು.

ಮುದುಕಿ ಮೊದಲು ನನ್ನ ಮಗುವನ್ನು ತೆಗೆದುಕೊಂಡು, ಸುತ್ತಿದ್ದ ಬಟ್ಟೆ ಸರಿಸಿ ನೋಡಿದರು. ಹೆಣ್ಣಾದರೂ ಆಯಿತಲ್ಲ ಎಂದರು. ಸೊಸೆಯನ್ನು ಎಲ್ಲೆಲ್ಲಿ ತೋರಿಸಿದೆವು ಎಂದು ಹೇಳುತ್ತ ಹೋದರು. ಆಸ್ಪತ್ರೆಯ ನರ್ಸು, ನಾಟಿ ಔಷಧಿಯವಳು, ಕಣಿ ಹೇಳುವವಳು, ಎಲ್ಲರೂ ಹೊಟ್ಟೆ ಒತ್ತಿ ಒತ್ತಿ ನೋಡಿದರಂತೆ. ಅವಳು ಅಲ್ಲೇ ಬಾವಿಕಟ್ಟೆಗೆ ಒರಗಿ ನಿಂತಿದ್ದಳು. ಇಲ್ಲಿಲ್ಲವೇನೋ ಎಂಬಂತೆ ಅವಳ ಬಗ್ಗೆ ಅವಳೆದುರಿಗೇ ಮಾತು ನಡೆಯುತ್ತಿತ್ತು. ಆಮೆಯನ್ನು ಮಗುಚಿ ನೋಡಿದೆವು, ಅವಳನ್ನು ಮಗುಚಿ ನೋಡಿದರು. ಈಕೆಯ ಮಗನನ್ನು ಮಾತ್ರ ಯಾರೂ ಮಗುಚಿ ನೋಡಿರಲಿಲ್ಲ. ಅವಳ ಮೇಲೆ ನನಗಿದ್ದ ಸಿಟ್ಟು ಹೋಗಿರಲಿಲ್ಲ. ಆದರೆ ಈ ಮುದುಕಿಯ ಮೇಲೆ ಬಂದ ಸಿಟ್ಟು ಅದಕ್ಕಿಂತ ದೊಡ್ಡದಾಗಿತ್ತು.

"ಸರಿಯಾಗಿ ಯೋಳವ್ವ. ಇದು ಹೆಣ್ಣೇ ತಾನೆ? ಒಂದಾದ್ರೂ ಮೊಟ್ಟೆ ಇಕ್ತಾ?" ಎಂದು ಮುದುಕಿ ಕೇಳಿದರು.

ನಾನು ಮಗುವನ್ನು ಅವರ ಕೈಯಿಂದ ಕಂಕುಳಿಗೆ ತೆಗೆದುಕೊಂಡು, ಆಮೆಯನ್ನು ಎತ್ತಿ ಹೊಟ್ಟೆ ತೋರಿಸಿದೆ. ಚಪ್ಪಟೆ ಇದೆ ನೋಡಿ, ಬಾಲ ಮೋಟು ನೋಡಿ ಎಂದು ಝೂನಲ್ಲಿ ಕಲಿತದ್ದನ್ನೆಲ್ಲ ಒಪ್ಪಿಸಿದೆ. ಅಷ್ಟೂ ನಿಜ. ನಿಜದ ಬೆನ್ನಿಗೇ ಸುಳ್ಳನ್ನೂ ಕಟ್ಟಿದೆ.

"ಹೆಣ್ಣೇ ಕಣ್ರವ್ವ. ಮೊಟ್ಟೆಯ ಸುಳಿವೂ ಇಲ್ಲ. ಬಂಜೆ."

"ಅಂಗಾದ್ರೆ ನಿಂಗೆಂಗಾಯ್ತು ಮಗ?"

ಇದು ಬರುವಷ್ಟರಲ್ಲಿ ನಾನು ನಾಲ್ಕು ತಿಂಗಳು, ಆಗಲೇ ಕೂತಿದ್ದ ಗರ್ಭಕ್ಕೆ ಇದೇನು ಮಾಡುತ್ತದೆ ಎಂದೆ. ಅಪ್ಪನ ಹೆಸರು ಹೇಳಿ ಎಡಕ್ಕೆ ವಾಲಿದ ನಕ್ಷತ್ರವನ್ನು ತೋರಿಸಿದೆ. ಸುತ್ತಲಿನ ಊರುಗಳಲ್ಲಿ ಸುಳಿ ನೋಡುವುದರಲ್ಲಿ ಅವರನ್ನು ಬಿಟ್ಟರಿಲ್ಲ ಎಂದೆ. ಇಂಥದ್ದು ಮನೆಯಲ್ಲಿ ಎಷ್ಟು ವರ್ಷವಿತ್ತೋ, ಹೋದ ಮೇಲೂ ಅಷ್ಟೇ ವರ್ಷ ಅದರ ದೋಷ ಇರುತ್ತದಂತೆ, ಅಷ್ಟರೊಳಗೆ ಯಾವ ಹೆಣ್ಣನ್ನು ತಂದು ತುಂಬಿಸಿಕೊಂಡರೂ ಅವಳ ಮಡಿಲೂ ಖಾಲಿಯೇ ಅಂತೆ ಎಂದೆ. ಇಷ್ಟನ್ನೂ ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಹೇಳಿದೆ.

ಮುದುಕಿ ಬೆರಳು ಮಡಚಿ ಲೆಕ್ಕ ಹಾಕಿದರು. ಕಾವಿಗೆ ಕೂತ ಕೋಳಿಯಂತೆ ಮೊಟ್ಟೆಗಳ ಮೇಲೆಯೇ ಕೂತು, ಈ ಬಂಜೆ ಮುಂಡೇದಕ್ಕೆ ಆರು ವರ್ಷ ಸೊಪ್ಪು ಹಾಕಿದೆನಲ್ಲ ಎಂದು ಆಮೆಗೆ ಶಾಪ ಹಾಕಿದರು. ನಂಬಿದ್ದರು. ಕಾಫಿ ಕುಡಿದು ಎದ್ದರು.

ಅತ್ತೆ ಅವರನ್ನು ಕಳಿಸಲು ಬಾಗಿಲಿಗೆ ಹೋದರು. ಅವಳು ಹಿಂದೆ ಉಳಿದಳು. ಮಣೆ ಎತ್ತಿದ ಜಾಗದ ಹಸಿ ಮಣ್ಣನ್ನು ನೋಡಿದಳು. ಆಮೆಯನ್ನು ನೋಡಿದಳು. ಅದರ ಹಿಂಗಾಲುಗಳಿಗೆ, ಹಿಂಬದಿಯ ಚಿಪ್ಪಿಗೆ ಮಣ್ಣು ಮೆತ್ತಿಕೊಂಡಿತ್ತು. ನಾನು ಇಷ್ಟೆಲ್ಲ ಮುಚ್ಚಿದವಳು ಅದನ್ನು ನೋಡಿರಲಿಲ್ಲ. ಅವಳು ಕೂತು, ಸೆರಗಿನ ತುದಿಯಿಂದ ಆ ಕಾಲುಗಳನ್ನು ಒಂದೊಂದಾಗಿ ಒರೆಸಿದಳು. ತಲೆಯೆತ್ತಿ ನನ್ನನ್ನು ನೋಡಲಿಲ್ಲ. ಎದ್ದು ತನ್ನ ಅತ್ತೆಯ ಹಿಂದೆ ಹೋದಳು.

ಆ ವರ್ಷ ಮದುವೆ ನಡೆಯಲಿಲ್ಲ, ಮರುವರ್ಷವೂ ಇಲ್ಲ. ನಾನು ಹಾಕಿದ ಗಡುವು ಮುಗಿಯುವ ಮೊದಲೇ ಹೆಂಡತಿಯಿರುವಾಗ ಇನ್ನೊಬ್ಬಳನ್ನು ಮದುವೆಯಾಗುವಂತಿಲ್ಲ ಎಂಬ ಕಾನೂನು ಬಂತು. ಅವಳಿಗೆ ಮಕ್ಕಳಾಗಲೇ ಇಲ್ಲ. ಆ ಮನೆಯಲ್ಲಿ ಅವಳೊಬ್ಬಳೇ ಸೊಸೆಯಾಗಿ ಉಳಿದಳು.

ಶುಕ್ರವಾರಗಳಂದು ಮತ್ತೆ ಬರತೊಡಗಿದಳು. ನಾನು ಬೇಡವೆನ್ನಲಿಲ್ಲ. ಉಪ್ಪು ಮೆಣಸಿನಕಾಯಿ ಬಿಟ್ಟೆ, ಕಾಫಿ ಕೊಟ್ಟೆ. ಆದರೆ ಅವಳ ದನಿ ಕೇಳಿದ ಕೂಡಲೇ ಮಗುವನ್ನು ಒಳಗಿನ ಕೋಣೆಗೆ ಹಾಕಿ ಬಾಗಿಲು ಎಳೆದುಕೊಳ್ಳುವುದನ್ನು ಮಾತ್ರ ಬಿಡಲಾಗಲಿಲ್ಲ. ಮಗು ಒಳಗಿನಿಂದ ಕೂಗುತ್ತಿತ್ತು. ಅವಳು ಹಿತ್ತಿಲಿನಲ್ಲಿ ಕೂತು ಆಮೆಗೆ ಹೂ ತಿನ್ನಿಸುತ್ತಿದ್ದಳು. ಮಗುವನ್ನು ತೋರಿಸಿ ಎಂದು ಅವಳು ಒಂದು ದಿನವೂ ಕೇಳಲಿಲ್ಲ.